ತೊಜಮ್ಮೆಲ್ ಹಕ್ ಅವರ ಅನುಮತಿಯೊಂದಿಗೆ

ಬಾಂಗ್ಲಾದೇಶದ ನಾಟೋರ್‌ನ ಸ್ಟೇಷನ್ ಬಜಾರಿನಲ್ಲಿ, ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ತೊಜಮ್ಮೆಲ್ ಹಕ್ ನಡೆಸುತ್ತಿದ್ದ ತರಬೇತಿ ಕೇಂದ್ರದಲ್ಲಿ ಮೂರನೇ ಬುಧವಾರದ ಪಾಠ ಯಾವಾಗಲೂ ಒಂದೇ: ಪ್ರೊಫೈಲ್. ಮನೆಯಲ್ಲೇ ಕೂತು ಪರದೇಶದ ಗಿರಾಕಿಗಳಿಗೆ ಲೇಬಲ್ಲು, ಪೋಸ್ಟರು ಮಾಡಿಕೊಡಬೇಕೆಂದರೆ ಫ್ರೀಲಾನ್ಸ್ ಜಾಲತಾಣದಲ್ಲಿ ನಮ್ಮ ಹೆಸರಿನದೊಂದು ಪುಟ ಇರಬೇಕು. ಪುಟದಲ್ಲಿ ಫೋಟೊ, ಅನುಭವ, ಹಿಂದೆ ಮಾಡಿದ ಕೆಲಸದ ಮಾದರಿಗಳು ಇರಬೇಕು. ಮೂರು ವಾರ ಕಲಿತವರ ಹತ್ತಿರ ಇರುವುದು ಫೋಟೊ ಮಾತ್ರ.

“ಅನುಭವ ಎಷ್ಟು ಅಂತ ಹಾಕ್ತೀರಿ?” ತೊಜಮ್ಮೆಲ್ ಕೇಳಿದ.

“ಐದು ವರ್ಷ ಸರ್!” ಇಪ್ಪತ್ತೇಳು ಗಂಟಲು ಒಟ್ಟಿಗೆ ಕೂಗಿದವು.

“ಹತ್ತು ಹಾಕಿದ್ರೆ?”

“ಮೀಸೆ ನೋಡಿ ನಗ್ತಾರೆ ಸರ್!” ಎಂದ ಹಿಂದಿನ ಬೆಂಚಿನವನೊಬ್ಬ.

ನಗು ಇಳಿದ ಮೇಲೆ ತೊಜಮ್ಮೆಲ್ ಪೆನ್‌ಡ್ರೈವ್ ಚುಚ್ಚಿ ‘ಮಾದರಿ’ ಎಂಬ ಫೋಲ್ಡರ್ ತೆರೆದ. ಅದರಲ್ಲಿ ಹನ್ನೆರಡು ಚಿತ್ರಗಳಿದ್ದವು. ಹೆಸರು ಬದಲಿಸಿ, ಬಣ್ಣ ಸ್ವಲ್ಪ ತಿರುಗಿಸಿ, ತಮ್ಮ ತಮ್ಮ ಪುಟಕ್ಕೆ ಹಾಕಿಕೊಳ್ಳಬೇಕು. ಎರಡನೆಯ ಬ್ಯಾಚಿನಿಂದೀಚೆಗೆ ನಾನೂರ ಹನ್ನೆರಡು ಜನ ಹೀಗೇ ಹಾಕಿಕೊಂಡು ಹೋಗಿದ್ದರು. ಇದು ಹನ್ನೆರಡನೆಯ ಬ್ಯಾಚು.

ಪರದೆಯ ಮೇಲೆ ಬೋರೆಹಣ್ಣಿನ ಉಪ್ಪಿನಕಾಯಿಯ ಲೇಬಲ್ ಬಂತು. ಮುಳ್ಳಿನ ಕೊಂಬೆ, ಕೊಂಬೆಯ ತುದಿಯಲ್ಲಿ ಒಂದು ಪಿಕಳಾರ. ಎಲ್ಲರೂ ಪರದೆ ನೋಡುತ್ತಿದ್ದರು. ಬಾಗಿಲ ಪಕ್ಕದಲ್ಲಿ ಬಂದು ಕೂತಿದ್ದ ಒಬ್ಬಳು ಮಾತ್ರ ತೊಜಮ್ಮೆಲ್‌ನನ್ನು ನೋಡುತ್ತಿದ್ದಳು. ಅವಳು ಯಾರೆಂದು ಹೊಳೆದ ಕೂಡಲೇ ಅವನು ಮುಂದಿನ ಚಿತ್ರ ಹಾಕಿದ. ಅದೂ ಅವಳದೇ. ಹನ್ನೆರಡೂ ಅವಳವೇ.

ಪಾಠ ಮುಗಿದ ಮೇಲೆ ಅವಳು ಅವನ ಕೋಣೆಗೆ ಬಂದಳು. ದಾಖಲಾತಿ ನೋಡಿಕೊಳ್ಳುವ, ಎಲ್ಲರೂ ಅಕ್ಕ ಎಂದೇ ಕರೆಯುವ ರೆಜಿನಾ ಆಪಾ ಮೂರು ಲೋಟ ಹಾಲಿಲ್ಲದ ಕೆಂಪು ಚಹಾ ತಂದಿಟ್ಟು ಅವಳನ್ನು ಗುರುತು ಹಿಡಿದಳು.

“ಸಾಬಿಕುನ್ ನಹಾರ್ ಅಲ್ವೇನೇ ನೀನು? ಮೊದಲ್ನೇ ಬ್ಯಾಚು. ಮೂರೇ ಜನ ಇದ್ರಿ. ಆಗ ಇಲ್ಲಿ ಒಂದು ಫ್ಯಾನೂ ಇರ್ಲಿಲ್ಲ.”

“ಈಗ ಎರಡಿದೆ ಆಪಾ.”

“ತಿರುಗೋದು ಒಂದೇ. ಇನ್ನೊಂದು ಬ್ಯಾಚ್ ಫೋಟೊದಲ್ಲಿ ಕಾಣ್ಲಿ ಅಂತ ಇಟ್ಕೊಂಡಿದೀವಿ.”

ಸಾಬಿಕುನ್ ನಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಅವನ ಕಡೆಗೆ ತಿರುಗಿಸಿದಳು. ಜಾಲತಾಣದ ನೋಟಿಸು. ನಿಮ್ಮ ಪುಟದ ಹನ್ನೆರಡು ಮಾದರಿಗಳು ಬೇರೆಯವರ ಸೃಷ್ಟಿ ಎಂದು ದೂರು ಬಂದಿದೆ, ಖಾತೆ ಮುಚ್ಚಲಾಗಿದೆ, ಏಳು ದಿನದೊಳಗೆ ದೂರುದಾರರು ಹಿಂತೆಗೆದುಕೊಳ್ಳದಿದ್ದರೆ ಶಾಶ್ವತ. ದೂರುದಾರರು: ತೊಜಮ್ಮೆಲ್ ಹಕ್. ಇವತ್ತಿಗೆ ಐದು ದಿನವಾಗಿತ್ತು.

“ಕಂಪ್ಲೇಂಟ್ ನೀವು ಕೊಟ್ರಾ ಸರ್?”

“ನಾನಾ? ಅಲ್ಲಾನ ಆಣೆ, ಇಲ್ಲಮ್ಮ!”

ಅದು ನಿಜವೇ ಆಗಿತ್ತು. ನಿಜವಾಗಿದ್ದರಿಂದಲೇ ದನಿ ಜೋರಾಗಿ ಬಂತು. ಆಮೇಲೆ ನೆನಪಾಯಿತು. ಹಿಂದಿನ ವರ್ಷ ಜಾಲತಾಣದಿಂದ ಒಂದು ಪ್ರಶ್ನೆ ಬಂದಿತ್ತು: ಈ ಮಾದರಿಗಳು ನಿಮ್ಮ ಸ್ವಂತ ಸೃಷ್ಟಿಯೇ? ಹೌದು ಎಂದರೆ ನಾವೇ ಕಾವಲು ಕಾಯುತ್ತೇವೆ. ಯಾರದೋ ಫೋನಿಗೆ ಉತ್ತರ ಕೊಡುತ್ತಲೇ ಅವನು ‘ಹೌದು’ ಒತ್ತಿದ್ದ. ಅಂದಿನಿಂದ ಯಂತ್ರ ಅದೇ ಚಿತ್ರಗಳನ್ನು ಹುಡುಕುತ್ತಾ, ಸಿಕ್ಕವರ ಮೇಲೆ ಅವನ ಹೆಸರಿನಲ್ಲಿ ದೂರು ಹಾಕಲು ಕೂತಿತ್ತು. ನಾನೂರ ಹನ್ನೆರಡು ಜನ ಬಣ್ಣ, ಹೆಸರು ಬದಲಿಸಿದ್ದರು. ಯಂತ್ರಕ್ಕೆ ಅವರು ಸಿಗಲಿಲ್ಲ. ಮಾಡಿದ್ದನ್ನು ಮಾಡಿದ ಹಾಗೇ ಹಾಕಿದ್ದವಳು ಸಾಬಿಕುನ್ ಒಬ್ಬಳೇ.

“ನನ್ನ ಹತ್ರ ಮೂಲ ಫೈಲ್ ಇಲ್ಲ ಸರ್. ಇಲ್ಲೇ ಮೂರನೇ ನಂಬರ್ ಕಂಪ್ಯೂಟರಲ್ಲಿ ಮಾಡಿದ್ದು. ನನ್ನ ಪುಟ ಶುರು ಮಾಡೋಕೆ ನನಗಾಗ ಗುರುತಿನ ಚೀಟಿ ಇರ್ಲಿಲ್ಲ, ಎಂಟು ತಿಂಗಳು ತಡ ಆಯ್ತು. ಅಷ್ಟರಲ್ಲಿ ಅವು ನಿಮ್ಮ ಪುಟದಲ್ಲಿ ಬಂದಿದ್ವು. ಅವರ ಲೆಕ್ಕದಲ್ಲಿ ಮೊದಲು ಹಾಕಿದೋರು ನೀವು, ಕದ್ದೋಳು ನಾನು.”

‘ಕದ್ದೋಳು’ ಎಂಬ ಮಾತಿಗೆ ರೆಜಿನಾ ಆಪಾ ಲೋಟ ಕೆಳಗಿಟ್ಟಳು.

“ಆಯ್ತಮ್ಮ, ಯಾಕಷ್ಟು ಯೋಚ್ನೆ?” ತೊಜಮ್ಮೆಲ್ ಅಂದ. “ನಿಮ್ಮಮ್ಮನ ಚೀಟಿ ತಗೊಂಬಾ. ಅವರ ಹೆಸರಲ್ಲಿ ಹೊಸ ಖಾತೆ ತೆಗೆಯೋಣ. ಎಲ್ಲರೂ ಮಾಡೋದೇ.”

“ಅಮ್ಮ ಆಗ್ಲೇ ಬೇಕಾದಷ್ಟು ಕಡೆ ಇದಾಳೆ ಸರ್. ಆ ಬೋರೆಹಣ್ಣಿಂದು ಅವಳ ಉಪ್ಪಿನಕಾಯಿಗೆ ಅಂತಲೇ ಮಾಡಿದ ಲೇಬಲ್ಲು. ಅಂಚಲ್ಲಿ ಅವಳ ಫೋನ್ ನಂಬರ್ ಇದೆ. ನಿಮ್ಮ ಹುಡುಗರು ಬಣ್ಣ ಬದಲಾಯ್ಸಿದ್ರು, ನಂಬರ್ ಅಳಿಸೋದು ಮರೆತ್ರು. ಹೋದ ತಿಂಗಳು ಯಾರೋ ಇಂಗ್ಲಿಷ್‌ನಲ್ಲಿ ಫೋನ್ ಮಾಡಿದ್ರು. ಅಮ್ಮ, ‘ಬೋರೆ ಮುಗೀತಪ್ಪ, ಮಾಘದಲ್ಲಿ ಮಾಡು’ ಅಂತ ಇಟ್ಟುಬಿಟ್ಳು.”

ರೆಜಿನಾ ಆಪಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ತೊಜಮ್ಮೆಲ್‌ಗೂ ನಗು ಬಂತು. ಸಾಬಿಕುನ್ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

“ನಾಲ್ಕು ವರ್ಷದಲ್ಲಿ ಅರವತ್ಮೂರು ಗಿರಾಕಿಗಳು ನನ್ನ ಬಗ್ಗೆ ಬರ್ದಿದಾರೆ ಸರ್. ಡೆನ್ಮಾರ್ಕಲ್ಲಿ ಜಾಮ್ ಮಾಡೋ ಆಪಾ ಒಬ್ಳಿದಾಳೆ, ತಿಂಗಳಿಗೊಂದು ಕೆಲಸ ಕಳಿಸ್ತಾಳೆ. ಅದೆಲ್ಲಾ ಬಿಟ್ಟು ಅಮ್ಮನ ಹೆಸರಲ್ಲಿ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾ? ನೀವೊಂದು ಮಾತು ಬರೀರಿ ಸಾಕು. ಇದು ಅವಳದು ಅಂತ.”

ಅವನು ಲ್ಯಾಪ್‌ಟಾಪ್ ತೆರೆದ. ಪರದೆ ಅವನ ಕಡೆಗಿತ್ತು. ದೂರು ಹಿಂತೆಗೆದುಕೊಳ್ಳಲು ಎರಡು ದಾರಿ ಕೊಟ್ಟಿದ್ದರು. ಒಂದು: ಈ ಕೆಲಸ ನನ್ನದಲ್ಲ, ದೂರು ತಪ್ಪು. ಎರಡು: ನಮ್ಮಲ್ಲಿ ಒಪ್ಪಂದವಾಗಿದೆ, ಬಳಸಲು ನಾನು ಅನುಮತಿ ಕೊಟ್ಟಿದ್ದೇನೆ. ಮೊದಲನೆಯದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಹೀಗೆ ಹೇಳಿದ ದೂರುದಾರರ ಖಾತೆಯನ್ನೂ ಪರಿಶೀಲಿಸಲಾಗುವುದು.

ಅವನ ಪುಟಕ್ಕೆ ಜಾಲತಾಣ ಕೊಟ್ಟ ಚಿನ್ನದ ಬಣ್ಣದ ಪದಕವಿತ್ತು. ಆ ಪದಕವನ್ನೇ ಆರಡಿ ಅಗಲ ಮಾಡಿಸಿ ಔಷಧದಂಗಡಿಯ ನೆತ್ತಿಗೆ ತೂಗುಹಾಕಿದ್ದ. ಅದನ್ನು ನೋಡಿಯೇ ಜನ ಮಕ್ಕಳನ್ನು ಮೆಟ್ಟಿಲು ಹತ್ತಿಸುತ್ತಿದ್ದರು.

ಅವನು ಎರಡನೆಯದನ್ನು ಒತ್ತಿದ.

“ಆಯ್ತು. ಕಂಪ್ಲೇಂಟ್ ವಾಪಸ್ ತಗೊಂಡೆ.”

ಇದೂ ನಿಜವೇ. ಒಂದೇ ಗಂಟೆಯಲ್ಲಿ ಎರಡು ಸಲ ನಿಜ ಹೇಳಿದ್ದ. ಎರಡು ಸಲವೂ ಸುಳ್ಳು ಹೇಳಿದಂತೆಯೇ ಅನಿಸಿತು.

ಸಾಬಿಕುನ್ ಎದ್ದು ನಿಂತಳು. “ಬರೋವಾಗ ದಾರಿಯುದ್ದಕ್ಕೂ ನಿಮಗೆ ಬೈಕೊಂಡು ಬಂದೆ ಸರ್. ಮನಸಲ್ಲಿ ಇಟ್ಕೋಬೇಡಿ,” ಎಂದು ಕೈ ಎತ್ತಿ ಸಲಾಂ ಹೇಳಿ ಇಳಿದುಹೋದಳು.

“ಮುಖ ಯಾಕೆ ಹಾಗೆ ಸಿಂಡರಿಸ್ಕೊಂಡ್ರಿ ಭಾಯ್?” ರೆಜಿನಾ ಆಪಾ ಲೋಟ ಎತ್ತುತ್ತಾ ಕೇಳಿದಳು.

“ಚಹಾ ಕಡಕ್ ಆಗಿತ್ತು ಆಪಾ.”

“ನೀವು ಮುಟ್ಟೇ ಇಲ್ವಲ್ಲ.”

ಶನಿವಾರ ಬೆಳಿಗ್ಗೆ ಸಾಬಿಕುನ್ ಫೋನ್ ಮಾಡಿದಳು.

“ಖಾತೆ ಬಂತು ಸರ್.”

“ಅಲ್ಹಮ್ದುಲಿಲ್ಲಾ.”

“ಹನ್ನೆರಡರ ಕೆಳಗೂ ಒಂದೊಂದು ಸಾಲು ಬಂದಿದೆ. ‘ತೊಜಮ್ಮೆಲ್ ಹಕ್ ಅವರ ಅನುಮತಿಯೊಂದಿಗೆ.’ ನಾನು ತೆಗೆಯೋಕೆ ನೋಡ್ದೆ, ಹೋಗಲ್ಲ.”

ಅವನು ಅವಳ ಪುಟ ತೆರೆದು ನೋಡಿದ.

“ಡೆನ್ಮಾರ್ಕಿನ ಆಪಾ ಕೇಳಿದ್ಳು, ಇವರ್ಯಾರು ಅಂತ. ಗುರುಗಳು ಅಂದೆ. ಇನ್ನೇನು ಹೇಳ್ಲಿ? ನಿಜ ಹೇಳಿದ್ರೆ ಅವಳು ನನ್ನ ನಂಬ್ತಾಳಾ? ಬರ್ದಿರೋದು ನಿಮ್ಮ ಹೆಸರು.”

“ಸಾಬಿಕುನ್...”

“ಇರ್ಲಿ ಬಿಡಿ ಸರ್. ಕೆಲಸ ಉಳೀತಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇವನಿಂದ ಇಷ್ಟೇ ಆಗುವುದೆಂದು ಅವಳು ತೂಗಿ ನೋಡಿಯಾಗಿತ್ತು.

ಫೋನಿಟ್ಟು ಅವನು ದೂರಿನ ಪುಟ ತೆರೆದ. ಇತ್ಯರ್ಥವಾಗಿದೆ, ಮತ್ತೆ ತೆರೆಯಲಾಗದು ಎಂದಿತ್ತು. ಕೊನೆಯಲ್ಲಿ ಸಹಾಯ ವಿಭಾಗಕ್ಕೆ ಬರೆಯಲು ಒಂದು ಚೌಕ ಇತ್ತು. ಬರೆದ: ಹನ್ನೆರಡೂ ನನ್ನವಲ್ಲ. ಸಾಬಿಕುನ್ ನಹಾರ್ ನನ್ನ ಕೇಂದ್ರದ ಮೂರನೇ ಕಂಪ್ಯೂಟರಿನಲ್ಲಿ ಮಾಡಿದವು. ಕೇಳದೆ ತೆಗೆದುಕೊಂಡೆ. ಮೂಲ ಫೈಲುಗಳನ್ನು ಇದರೊಂದಿಗೆ ಕಳಿಸಿದ್ದೇನೆ. ಬುಧವಾರ ‘ಅನುಮತಿ’ ಎಂದು ಒತ್ತಿದ್ದು ನನ್ನ ಖಾತೆ ಉಳಿಸಿಕೊಳ್ಳಲು.

ಕೊನೆಯ ವಾಕ್ಯವನ್ನು ಎರಡು ಸಲ ಅಳಿಸಿದ. ಮೂರನೆಯ ಸಲ ಹಾಗೇ ಬಿಟ್ಟು ಕಳಿಸಿದ. ನಿಮಿಷದೊಳಗೆ ಯಂತ್ರದ ಉತ್ತರ ಬಂತು: ಪತ್ರ ತಲುಪಿದೆ, ಪರಿಶೀಲನೆಗೆ ಮೂವತ್ತು ದಿನ ಹಿಡಿಯಬಹುದು. ಅಷ್ಟು ದಿನ ಆ ಸಾಲು ಅವಳ ಕೆಲಸದ ಕೆಳಗೆ ಅಂಟಿಕೊಂಡಿರುತ್ತದೆ.

ಹನ್ನೊಂದಕ್ಕೆ ತರಗತಿ. ಇಪ್ಪತ್ತೇಳು ಜನವೂ ಬಂದಿದ್ದರು. ತೊಜಮ್ಮೆಲ್ ನಿಂತುಕೊಂಡೇ, ಬಳಸು ಮಾತಿಲ್ಲದೆ, ಬರೆದು ಕಳಿಸಿದ್ದಷ್ಟನ್ನೂ ಹೇಳಿದ. ಫೋಲ್ಡರಿನ ಚಿತ್ರಗಳು ಯಾರವು, ಹೇಗೆ ಬಂದವು, ಬುಧವಾರ ತಾನು ಯಾವ ಗುಂಡಿ ಒತ್ತಿದೆ, ಎಲ್ಲ. ತನ್ನ ಪುಟ ಇನ್ನು ಉಳಿಯುವುದು ಅನುಮಾನ ಎಂದೂ ಹೇಳಿದ.

“ಬುಧವಾರ ಹಾಕ್ಕೊಂಡಿದ್ದನ್ನ ಈಗಲೇ ಅಳಿಸಿ. ಅದು ಅವಳದು.”

ಮೌಸುಗಳ ಟಿಕ್ ಟಿಕ್ ಸದ್ದು ಎದ್ದು ಅಡಗಿತು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮೆಹಜಾಬಿನ್ ಎಂಬ ಹುಡುಗಿ ಕೈಯೆತ್ತಿದಳು. ಪ್ರತಿ ಪಾಠವನ್ನೂ ಅಚ್ಚುಕಟ್ಟಾಗಿ ಬರೆದುಕೊಳ್ಳುವವಳು. ಅವಳ ಮುಖದಲ್ಲಿ ಕೊಂಕು ಇರಲಿಲ್ಲ.

“ಹಾಗಾದ್ರೆ ನಿಮ್ದೇ ಒಂದು ತೋರ್ಸಿ ಸರ್. ಅದನ್ನ ನೋಡ್ಕೊಂಡು ನಾವು ಹೊಸದು ಮಾಡ್ತೀವಿ.”

ನ್ಯಾಯವಾದ ಮಾತು. ಅವನು ಲ್ಯಾಪ್‌ಟಾಪಿಗೆ ಬಗ್ಗಿದ. ದೊಡ್ಡ ಪರದೆಗೆ ತಂತಿ ಸಿಕ್ಕಿಸಿಯೇ ಇತ್ತು. ಅವನು ಹುಡುಕುವುದು ಎಲ್ಲರಿಗೂ ಕಾಣುತ್ತಿತ್ತು. ಪಾಠದ ಟಿಪ್ಪಣಿಗಳು ಬಂದವು. ಪ್ರಮಾಣಪತ್ರಗಳು ಬಂದವು. ಬ್ಯಾಚಿನ ಫೋಟೊಗಳು. ಪದಕ ತಂದುಕೊಟ್ಟ ಕೆಲಸಗಳೂ ಬಂದವು. ಹಳೆಯ ವಿದ್ಯಾರ್ಥಿಗಳಿಗೆ ಹಂಚಿ, ಅವರಿಂದ ಮಾಡಿಸಿ, ತನ್ನ ಹೆಸರಲ್ಲಿ ಕಳಿಸಿದವು. ಒಂದೊಂದನ್ನೂ ಯಾರು ಮಾಡಿದರೆಂದು ಅವನಿಗೆ ನೆನಪಿತ್ತು. ದಾಟಿಸುತ್ತಾ ಹೋದ. ಕೆಳಗೆ ಇಝಿಬೈಕು ಎನ್ನುವ ಬ್ಯಾಟರಿ ಆಟೊಗಳ ಹಾರ್ನು, ಮೇಲೆ ಒಂದು ಫ್ಯಾನಿನ ಸದ್ದು. ಬಾಗಿಲಲ್ಲಿ ರೆಜಿನಾ ಆಪಾ ರಿಜಿಸ್ಟರು ಹಿಡಿದು ನಿಂತಿದ್ದಳು, ಒಳಗೆ ಬರಲಿಲ್ಲ.

ಹತ್ತು ನಿಮಿಷವಾದ ಮೇಲೆ ಅವನು ಮೌಸ್ ಬಿಟ್ಟ.

“ಇಲ್ಲಮ್ಮ,” ಅಂದ. “ನಂದು ಅಂತ ಒಂದೂ ಇಲ್ಲ.”

ಯಾರಾದರೂ ನಕ್ಕರೆ ಸಾಕು ಎನಿಸಿತು ಅವನಿಗೆ. ಯಾರೂ ನಗಲಿಲ್ಲ. ಮೆಹಜಾಬಿನ್ ಕಣ್ಣು ಕೆಳಗೆ ಮಾಡಿದಳು. ಅವಳ ಪಕ್ಕದವಳೂ ಮಾಡಿದಳು. ಹಾಗೇ ಹಿಂದಿನ ಬೆಂಚಿನವರೆಗೂ ಒಬ್ಬೊಬ್ಬರಾಗಿ ತಲೆ ತಗ್ಗಿಸಿ, ಖಾಲಿಯಾಗಿದ್ದ ತಮ್ಮ ತಮ್ಮ ಪರದೆಗಳನ್ನು ನೋಡುತ್ತಾ ಕೂತರು. ಮೇಷ್ಟರ ಮುಖ ತಮ್ಮ ಕಣ್ಣಿಗೆ ಬೀಳದಿರಲಿ ಎಂದು.