ಯಜಮಾನರು ಖುದ್ದು ಬರಬೇಕು

"ಹೆಸರು ಬದಲಾಯಿಸೋಕೆ ಬರಲ್ಲ," ಎಂದು ಗುಮಾಸ್ತ ಕಡತ ಮುಚ್ಚಿದ.

"ಅಂಗಡಿ ಅದೇ. ಹದಿನಾಲ್ಕು ವರ್ಷದಿಂದ ಅಲ್ಲಿ ಕೂರ್ತಾ ಇರೋನೂ ನಾನೇ."

"ಇರಬಹುದು. ಲೈಸೆನ್ಸು ಗೋಡೆಗೆ ಕೊಟ್ಟಿದ್ದಲ್ಲ, ನಿಮಗೂ ಅಲ್ಲ. ನಿಮ್ಮ ತಂದೆಗೆ ಕೊಟ್ಟಿದ್ದು. ಅಂಗಡಿ ಬೇಕಾದ್ರೆ ಮಾರಿ, ದಾನ ಮಾಡಿ. ಇದನ್ನ ಇನ್ನೊಬ್ಬರಿಗೆ ದಾಟಿಸೋ ಹಾಗಿಲ್ಲ."

ಅವನಿಗೆ ನಗು ಬಂತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಕನ್ನಡಕ ಮಾರುತ್ತಿದ್ದವನು. ಆತ್ಮದ ಬಗ್ಗೆ ಇಂಥದೇ ಒಂದು ಮಾತನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ.

"ಹೊಸದಕ್ಕೆ ಅರ್ಜಿ ಹಾಕ್ಲಾ?"

"ಹಾಕಿ. ಆ ಬೀದಿಗೆ ಹೊಸದು ಕೊಡೋದು ನಿಲ್ಲಿಸಿದ್ದಾರೆ, ಅಷ್ಟೇ."

"ಹಾಗಾದ್ರೆ ಹಳೇದನ್ನೇ ನವೀಕರಿಸಿ."

"ಯಜಮಾನರು ಖುದ್ದು ಬರಬೇಕು. ಸಾಹೇಬರ ಎದುರು ತಮ್ಮ ಹೆಸರು ಹೇಳಿ ರುಜು ಹಾಕಬೇಕು. ಅವಧಿ ಮುಗಿಯೋಕೆ ಇನ್ನು ಎಂಟು ದಿನ ಇದೆ."

ಅಪ್ಪನಿಗೆ ತಮ್ಮ ಹೆಸರು ಮರೆತು ಎರಡು ವರ್ಷವಾಗಿತ್ತು. ಅದನ್ನೂ ಹೇಳಿದ.

ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. "ಇದು ಅವರೇ ಹಾಕಿಕೊಟ್ಟದ್ದು. ದೇವರಂಥ ಮನುಷ್ಯ." ದನಿ ತಗ್ಗಿಸಿದ. "ಒಂದು ದಾರಿ ಇದೆ. ಯಜಮಾನರು ತೀರಿಕೊಂಡರೆ ಮಗನ ಹೆಸರಿಗೆ ಬರೀತೀವಿ. ಮರಣಪತ್ರ ತಂದರೆ ಒಂದೇ ದಿನದ ಕೆಲಸ. ಆದ್ರೆ ಅವಧಿ ಮುಗಿಯೋದ್ರೊಳಗೆ ಆಗಬೇಕು."

ಇಬ್ಬರೂ ಮೇಜು ನೋಡಿದರು.

"ನಾನು ನಿಯಮ ಹೇಳ್ದೆ ಸಾರ್."

"ಗೊತ್ತು."

ಮೆಟ್ಟಿಲಿಳಿಯುವಾಗ ಕೈ ತಾನಾಗಿಯೇ ಎದೆಗೆ ಹೋಯಿತು. ದಿನವೂ ಅವನು ದೇವರಲ್ಲಿ ಬೇಡುತ್ತಿದ್ದುದು ಒಂದೇ: ಅಪ್ಪನಿಗೆ ಆಯುಸ್ಸು ಕೊಡು. ಇವತ್ತು 'ಅಪ್ಪನಿಗೆ' ಎನ್ನುವವರೆಗೆ ಬಂತು. ಅಲ್ಲಿಗೇ ನಿಂತಿತು. ಕೇಳಿಸಿಕೊಳ್ಳುವವನು ಕಾದನೇನೋ. ಇವನೇ ಸರಸರ ಬೀದಿ ದಾಟಿದ.

ಅಂಗಡಿಯಲ್ಲಿ ಮಾವನ ಪಕ್ಕ ಕೂತಿದ್ದ ಹೆಂಡತಿ ಎದ್ದಳು. "ಏನಂದ್ರು?"

"ಏನೂ ಅನ್ನಲಿಲ್ಲ."

"ಇಷ್ಟು ಹೊತ್ತು ಇಬ್ರೂ ಬಾಯಿ ಹೊಲ್ಕೊಂಡು ಕೂತಿದ್ರಾ?"

"ಆಗಲ್ಲವಂತೆ."

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಅಡಿಗೆಗೆ ಹೊತ್ತಾಯಿತೆಂದು ಒಳಗೆ ಹೋದಳು.

ಅವನು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಪ್ಪಾ, ನಿಮ್ಮ ಹೆಸರೇನು ಹೇಳಿ."

ಅಪ್ಪ ನಕ್ಕರು. "ಗೊತ್ತಿದ್ದೂ ಕೇಳ್ತೀಯಲ್ಲೋ, ತಲೆಹರಟೆ."

ಅವನು ಇನ್ನೂ ಹತ್ತಿರ ಸರಿದ. "ಹೇಳಿಬಿಡಿ. ಒಂದೇ ಸಲ."

ಅಪ್ಪ ಅವನ ಗಲ್ಲ ಹಿಡಿದೆತ್ತಿ, ಕಣ್ಣುಗಳನ್ನು ಒಂದೊಂದಾಗಿ ನೋಡಿದರು. ಬೆರಳು ಹಗುರವಾಗಿತ್ತು, ಕಸುಬಿನ ಬೆರಳು. "ಓದೋದು ಕಷ್ಟ ಆಗ್ತಿದೆಯಾ?" ಎಂದರು. "ಬೆಳಕಿಗೆ ಬನ್ನಿ, ಸ್ವಾಮಿ. ಹೆದರಬೇಡಿ."

ಇಷ್ಟು ಮರ್ಯಾದೆಯಿಂದ ಅಪ್ಪ ಅವನೊಂದಿಗೆ ಎಂದೂ ಮಾತಾಡಿರಲಿಲ್ಲ. ಏನಾದರೂ ಅನ್ನಬೇಕೆನ್ನುವಷ್ಟರಲ್ಲಿ ಅವರ ಕೈ ಜಾರಿ ತೊಡೆಯ ಮೇಲೆ ಬಿತ್ತು. ಕತ್ತು ವಾಲಿತು.

ನಿದ್ದೆಯೇ ಇರಬೇಕು. ಎದೆ ಏಳುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಗಿರಾಕಿಗಳು ಮುಖ ನೋಡಿಕೊಳ್ಳುವ ಕೈಗನ್ನಡಿ ಎತ್ತಿಕೊಂಡು ಅವರ ಮೂಗಿನ ಕೆಳಗೆ ಹಿಡಿದ. ಗಾಬರಿಯಿಂದ ಹಿಡಿದದ್ದು ಎಂದು ತನಗೆ ತಾನೇ ಹೇಳಿಕೊಂಡು ಬಗ್ಗಿ ನೋಡಿದ.

ಗಾಜಿಗೆ ಆವಿ ಕವಿಯಿತು. ಅದರೊಳಗಿದ್ದ ಅವನ ಮುಖ ಅಳಿಸಿಹೋಯಿತು. ಆವಿ ಆರಿತು, ಮುಖ ಮೂಡಿತು. ಮತ್ತೆ ಉಸಿರು. ಮತ್ತೆ ಯಾರೂ ಇಲ್ಲ.

"ಯಜಮಾನರಿದ್ದಾರಾ?" ಬಾಗಿಲಲ್ಲಿ ಗಿರಾಕಿಯೊಬ್ಬನ ದನಿ.

ಅವನು ತಿರುಗಲಿಲ್ಲ. ಗಾಜು ಆರುತ್ತಿತ್ತು. ಮುಖ ಆಗಲೇ ಅರ್ಧ ಬಂದಿತ್ತು.