ರೆಕ್ಕೆಯ ಕೆಳಗಿನ ಬೆರಳು

ನನ್ನ ಗಂಡ ಜಬ್ಬಾರ್ ತೀರಿಕೊಂಡಾಗ ನಾನು ಅಳಲಿಲ್ಲ. ಆನೇಮಹಲಿನ ನಮ್ಮ ಮನೆಗೆ ಮಾತಾಡಿಸಲು ಬಂದ ಹೆಂಗಸರಿಗೆಲ್ಲ ಅದೇ ಚಿಂತೆ. ನಲ್ಲಿಯಲ್ಲಿ ನೀರು ಬಂತಾ ಅಂತ ನೋಡುವ ಹಾಗೆ ನನ್ನ ಕಣ್ಣನ್ನೇ ನೋಡುತ್ತ ಕೂರುತ್ತಿದ್ದರು. "ಅತ್ತುಬಿಡು, ಎದೆ ಹಗುರಾಗ್ತದೆ" ಅನ್ನುವವರು ಕೆಲವರು. ಹೊಸಿಲು ದಾಟಿದ ಮೇಲೆ "ಕಲ್ಲು ಕಣೇ ಅವಳು" ಅನ್ನುವವರು ಹಲವರು. ನನಗೆ ಕೇಳಿಸಲಿ ಅಂತಲೇ ಅನ್ನುತ್ತಿದ್ದರು, ಕೇಳಿಸುತ್ತಲೂ ಇತ್ತು. ಆದರೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಚುಚ್ಚುತ್ತಾರಲ್ಲ, ಆ ಮದ್ದು ಮೈಗೆಲ್ಲ ಏರಿದ ಹಾಗಿತ್ತು.

ಜಬ್ಬಾರ್ ಬಾಳ್ಳುಪೇಟೆಯ ಗ್ಯಾರೇಜೊಂದರಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಹೆದ್ದಾರಿಯಲ್ಲಿ ಗುಲಾಬಿ, ಹದ್ದು, ಎರಡು ಕಣ್ಣು ಬರೆಸಿಕೊಂಡು ಓಡುವ ಲಾರಿಗಳಲ್ಲಿ ಎಷ್ಟೋ ಅವರ ಕೈಯವು. ತೊಂಬತ್ತೆಂಟರ ಬೇಸಿಗೆಯಲ್ಲಿ ಒಂದು ದಿನ ಬುತ್ತಿ ಹಿಡಿದು ಕೆಲಸಕ್ಕೆ ಹೋದವರು ಮಧ್ಯಾಹ್ನ ಮೆಟಡಾರಿನಲ್ಲಿ ಮಲಗಿಕೊಂಡು ಬಂದರು. ಎದೆ ಹಿಡಿದುಕೊಂಡಿತಂತೆ, ಏಣಿಯಿಂದ ತಾವೇ ಇಳಿದು ಕೂತರಂತೆ, ಅಷ್ಟೇ. ಗಂಡಸರು ಮೀಯಿಸಿದರು, ಗಂಡಸರು ಹೊತ್ತುಕೊಂಡು ಹೋದರು. ನಮ್ಮಲ್ಲಿ ಹೆಂಗಸರು ಖಬರಸ್ಥಾನಕ್ಕೆ ಹೋಗುವ ಪದ್ಧತಿ ಇಲ್ಲ. ಗುಂಡಿಗೆ ಇಳಿಸಿದ ಮೇಲೆ ಹೋದ ಗಂಡಸರೆಲ್ಲ ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿ ಬರುತ್ತಾರೆ. ಸಂಜೆ ನನ್ನ ಮೈದುನ ಹಿತ್ತಲ ಕಲ್ಲಿನ ಮೇಲೆ ಕೂತು ಉಗುರಿನ ಮಣ್ಣು ತೊಳೆಯುವುದನ್ನು ಕಿಟಕಿಯಿಂದ ನೋಡಿದೆ. ಇವನೇನು ಕಾಫಿ ಗಿಡ ನೆಟ್ಟು ಬಂದನಾ ಅನ್ನಿಸಿತು. ಅಂಥ ಮಂಕು ನನಗೆ ಕವಿದಿತ್ತು.

ಆಮೇಲೆ ಇದ್ದತ್. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ಬಣ್ಣದ ಸೀರೆ, ಹೂವು, ಮೆಹಂದಿ, ಬಳೆ ಯಾವುದೂ ಇಲ್ಲ. ಅತ್ತೆ ಮರಿಯಮ್ ಬೀ ನನ್ನ ಬಳೆಗಳನ್ನು ಒಂದೊಂದಾಗಿ ಕಳಚಿ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟರು. ಅವರೂ ಯಾರೆದುರೂ ಅಳಲಿಲ್ಲ. ಆದರೆ ತಾಯಿ ಅಳದಿದ್ದರೆ ಗಟ್ಟಿಗಿತ್ತಿ, ಹೆಂಡತಿ ಅಳದಿದ್ದರೆ ಕಲ್ಲು. ಊರಿನ ಲೆಕ್ಕ ಹಾಗೆ.

ನಾನು ಕೂರುತ್ತಿದ್ದ ಕೋಣೆಯ ತೊಲೆಗೆ ಜಬ್ಬಾರ್ ಮಾಡಿದ ವಿಮಾನ ನೇತಾಡುತ್ತಿತ್ತು. ಎರಡು ಜೊತೆ ರೆಕ್ಕೆಯ ಹಳೇ ಕಾಲದ ವಿಮಾನ. ಟೈಗರ್ ಮಾತ್ ಅಂತ ಅದರ ಹೆಸರು. ಮಾಡಿಸಿದವರು ಆಲೂರಿನ ಹತ್ತಿರ ಕಾಫಿ ಬೆಳೆಯುವ ಶಾಂತಮಲ್ಲಪ್ಪನವರು. ವಯಸ್ಸಿನಲ್ಲಿ ಅವರು ಏರ್‌ಫೋರ್ಸಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ತಾವು ಮೊದಲು ಸ್ಪಾನರ್ ಹಿಡಿದ ವಿಮಾನ ಇದೇ ಅಂತ ಒಂದು ಮಾಸಿದ ಫೋಟೋ ತಂದುಕೊಟ್ಟು, "ಜಬ್ಬಾರಣ್ಣ, ಒಂದಡಿಗೆ ಒಂದಿಂಚು. ಅಳ್ತೆ ಮಾತ್ರ ತಪ್ಪಂಗಿಲ್ಲ ನೋಡು" ಅಂದಿದ್ದರು. ಜಬ್ಬಾರಿಗೆ ಲಾರಿಯ ಗುಲಾಬಿ ಬರೆದು ಬರೆದು ಬೇಸರ ಬಂದಿತ್ತೋ ಏನೋ, ಇದಕ್ಕೆ ಕಚ್ಚಿಕೊಂಡು ಕೂತರು. ಹಾಲುವಾಣದ ಹಗುರ ಮರದಲ್ಲಿ ಒಡಲು ಕೆತ್ತಿದರು. ರೆಕ್ಕೆಗೆ ತೆಳು ಪ್ಲೈವುಡ್, ಮೇಲಿನ ರೆಕ್ಕೆಗೂ ಕೆಳಗಿನದಕ್ಕೂ ನಡುವೆ ಬಿದಿರಿನ ಸಣ್ಣ ಕಂಬ, ಕಂಬದಿಂದ ಕಂಬಕ್ಕೆ ಬಿಗಿಯಲು ಸೈಕಲ್ಲಿನ ಬ್ರೇಕ್ ವೈರ್ ಬಿಚ್ಚಿ ತೆಗೆದ ಎಳೆ. ಮೂತಿಗೆ ಬಣ್ಣದ ಡಬ್ಬಿಯ ತಗಡು. ಎಲ್ಲ ಕೂಡಿಸಿ, ಮೈತುಂಬ ಹಳದಿ ಎನಾಮಲ್ಲಿನ ಮೊದಲ ಕೋಟು ಹೊಡೆದು, ಒಣಗಲಿ ಅಂತ ನೇತುಹಾಕಿದ್ದರು. ಮಾರನೇ ದಿನವೇ ಅವರು ಹೋದದ್ದು.

ವಾರಗಳು ಕಳೆದ ಮೇಲೆ ಶಾಂತಮಲ್ಲಪ್ಪನವರ ಸೊಸೆ ನೇತ್ರಾವತಿ ಬಂದಳು. ಬಾಗಿಲಲ್ಲೇ ನಿಂತಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು.

"ಈಗ ಗಂಡಸ್ರು ನಿಮ್ಮನೇಗೆ ಬರಬಾರ್ದಂತಲ್ಲ ಶಾಹೀನಕ್ಕ, ಅದ್ಕೇ ಮಾವ ನನ್ನ ಕಳ್ಸವ್ರೆ. ಅವರ ಜೊತೆ ಅದೇ ವಿಮಾನದಾಗೆ ಕೆಲಸ ಮಾಡಿದ್ದೋರು ಒಬ್ರು ಮುಂದಿನ್ ಭಾನ್ವಾರ ಮದ್ರಾಸಿಂದ ಬತ್ತಾವ್ರೆ. ಆಗ್ಲೇ ವಯಸ್ಸಾಗೈತೆ, ಇಬ್ರೂ ಇನ್ನೊಂದ್ಸಲ ಸಿಗ್ತಾರೋ ಇಲ್ವೋ. ಹೆಂಗೈತೋ ಹಂಗೇ ಕೊಟ್ಬುಡಿ, ಹಾಸನದಾಗೆ ಯಾರ ಕೈಲಾದ್ರೂ ಬಣ್ಣ ಮುಗಿಸ್ಕೊತೀವಿ."

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಸ್ಟೂಲು ಹತ್ತಿ ವಿಮಾನ ಇಳಿಸಿದೆ. ಧೂಳು ಒರೆಸೋಣ ಅಂತ ಮಗುಚಿ ಹಾಕಿದಾಗ ಕೆಳಗಿನ ಎಡ ರೆಕ್ಕೆಯ ಅಡಿಯಲ್ಲಿ ಅದು ಕಾಣಿಸಿತು. ಹಳದಿಯಲ್ಲಿ ಒತ್ತಿಕೊಂಡ ಒಂದು ಬೆರಳ ಗುರುತು.

ಅದು ಜಬ್ಬಾರರ ಉಂಗುರ ಬೆರಳು. ಬಣ್ಣ ಒಣಗಿದೆಯಾ ಅಂತ ನೋಡಲು ಯಾರ ಕಣ್ಣಿಗೂ ಬೀಳದ ಕಡೆ ಒಮ್ಮೆ ಬೆರಳೊತ್ತಿ ನೋಡುವುದು ಅವರ ಅಭ್ಯಾಸ. ಅವರು ಬಣ್ಣ ಹೊಡೆದ ಪ್ರತಿ ಲಾರಿಯ ಹಿಂಬಾಗಿಲ ಅಡಿಯಲ್ಲೂ ಅಂಥದೊಂದು ಗುರುತು ಇರುತ್ತಿತ್ತು, ಆಮೇಲೆ ಎರಡನೇ ಕೋಟಿನಲ್ಲಿ ಮುಚ್ಚಿಹೋಗುತ್ತಿತ್ತು. ಇಲ್ಲಿ ಎರಡನೇ ಕೋಟು ಬಿದ್ದಿರಲಿಲ್ಲ. ಬೆರಳಿನ ಸುಳಿಗಳು, ಅವುಗಳ ಮೇಲೆ ಹಾದುಹೋದ ಗಾಯದ ಅಡ್ಡಗೆರೆ, ಎಲ್ಲ ಅಚ್ಚಾಗಿ ನಿಂತಿದ್ದವು.

ಹಾಸನದ ಪೇಂಟರ್ ಮೊದಲು ಮಾಡುವ ಕೆಲಸವೇ ವಾಟರ್ ಪೇಪರ್, ಅಂದರೆ ಒದ್ದೆ ಉಪ್ಪುಕಾಗದ, ಹಾಕಿ ಉಜ್ಜುವುದು. ಒಳ್ಳೆಯ ಕೆಲಸಗಾರನಾದರೆ ಈ ಗುರುತನ್ನೇ ಮೊದಲು ಉಜ್ಜುತ್ತಾನೆ.

"ಬೇಡ ನೇತ್ರಾ, ನಾನೇ ಮುಗಿಸಿಕೊಡ್ತೀನಿ" ಅಂದೆ.

"ನಿಮ್ಗೆ ಬತ್ತದಾ ಅಕ್ಕ?"

"ಹದಿನಾರು ವರ್ಷ ಅವರು ಅಕ್ಷರದ ಗೆರೆ ಎಳೆದಿದ್ದಾರೆ, ನಾನು ಒಳಗೆ ಬಣ್ಣ ತುಂಬಿದ್ದೀನಿ. ನಿಮ್ಮ ಎಸ್ಟೇಟಿನ ಗೇಟಿನ ಬೋರ್ಡೂ ನಂದೇ" ಅಂದೆ. ಮಾತು ಸ್ವಲ್ಪ ಗಡುಸಾಯಿತು. ಪಾಪ, ಅವಳು ಚಹಾ ಕೂಡ ಕುಡಿಯದೆ ಎದ್ದು ಹೋದಳು.

ಕೆಲಸಕ್ಕೆ ಕೂತೆ. ಒದ್ದೆ ಕಾಗದದಲ್ಲಿ ಇಡೀ ವಿಮಾನ ಉಜ್ಜಿದೆ, ಆ ಒಂದು ಜಾಗ ಬಿಟ್ಟು. ಎರಡನೇ ಕೋಟು ಹಳದಿ ಹೊಡೆದೆ, ಆ ಜಾಗ ಬಿಟ್ಟು. ಕೈ ತನ್ನ ಪಾಡಿಗೆ ಓಡುತ್ತಿತ್ತು. ದುಃಖವೂ ಇಲ್ಲ, ಸಮಾಧಾನವೂ ಇಲ್ಲ. ಬಾಲಕ್ಕೆ ಪಟ್ಟೆ, ಚಕ್ರಕ್ಕೆ ಕಪ್ಪು, ಮೂತಿಯ ಪಂಖಕ್ಕೆ ಮರದ ಬಣ್ಣ. ಆಮೇಲೆ ಏರ್‌ಫೋರ್ಸಿನ ಮುದ್ರೆ: ಹೊರಗೆ ಕೇಸರಿ ಬಳೆ, ಅದರೊಳಗೆ ಬಿಳಿ ಬಳೆ, ನಟ್ಟನಡುವೆ ಹಸಿರು ಬೊಟ್ಟು. ಒಡಲಿನ ಎರಡೂ ಪಕ್ಕಕ್ಕೆ, ಮೇಲಿನ ರೆಕ್ಕೆಗಳ ಬೆನ್ನಿಗೆ, ಕೆಳಗಿನ ರೆಕ್ಕೆಗಳ ಅಡಿಗೆ.

ಕೇಸರಿ ಬಣ್ಣ ಉಗುರ ಸಂದಿಗೆ ಇಳಿದರೆ ಮೆಹಂದಿಯ ಹಾಗೇ ಕಾಣುತ್ತದೆ. ಮರಿಯಮ್ ಬೀಗೆ ಅದೇ ಹೆದರಿಕೆ. ದಿನಾ ಸಂಜೆ ಸೀಮೆಎಣ್ಣೆಯ ಬಟ್ಟೆ ತಂದು ನನ್ನ ಮುಂದೆ ಎಸೆಯುತ್ತಿದ್ದರು. ನಮ್ಮ ಮನೆಯ ಮಾತು ಉರ್ದು. ಆದರೆ ಬಾಳ್ಳುಪೇಟೆಯ ಸಂತೆಯಲ್ಲಿ ಕೊತ್ತಂಬರಿ ಮಾರಿ ಮಗನನ್ನು ಸಾಕಿದ ನನ್ನ ಅತ್ತೆಗೆ ಸಿಟ್ಟು ಬಂದರೆ ಕನ್ನಡವೇ ಬೇಕು.

"ಉಜ್ಕಳೇ! ಗಂಡ ಸತ್ತು ಇನ್ನೂ ನೆಟ್ಟಗೆ ನಲವತ್ತು ದಿನ ಆಗಿಲ್ಲ, ಕೈ ತುಂಬ ಬಣ್ಣ ಮಾಡ್ಕೊಂಡು ಕುಂತವ್ಳೆ. ನೋಡ್ದೋರು ನಿನ್ನ ಬೈಯಲ್ಲ, ನನ್ನ ಬೈತಾರೆ."

ನಾನು ಉಜ್ಜಿಕೊಳ್ಳುತ್ತಿದ್ದೆ. ಅಳದವಳ ಬಾಯಲ್ಲಿ ಮಾತು ಬಂದರೆ ಅದಕ್ಕೂ ಒಂದು ಹೆಸರು ಇಡುತ್ತಾರೆ.

ಕಡೆಗೆ ಒಂದು ಮುದ್ರೆ ಉಳಿಯಿತು, ಕೆಳಗಿನ ಎಡ ರೆಕ್ಕೆಯ ಅಡಿಯದು. ಅಳತೆ ಹಿಡಿದು ನೋಡಿದೆ. ಹಸಿರು ಬೊಟ್ಟು ಬೀಳಬೇಕಾದ ಜಾಗದಲ್ಲೇ, ನಟ್ಟನಡುವೆ, ಆ ಬೆರಳಿತ್ತು. ಪಕ್ಕಕ್ಕೆ ಸರಿಸೋಣವೆಂದರೆ ಶಾಂತಮಲ್ಲಪ್ಪನವರ ಕಣ್ಣು ತಪ್ಪಿಸಲು ಆಗದು. ಬಲ ರೆಕ್ಕೆಯದಕ್ಕೂ ಎಡ ರೆಕ್ಕೆಯದಕ್ಕೂ ಒಂದು ನೂಲು ವ್ಯತ್ಯಾಸ ಬಂದರೆ ಅವರಿಗೆ ಅದು ವಿಮಾನವೇ ಅಲ್ಲ. ಜಬ್ಬಾರಿಗೂ ಅಲ್ಲ.

ಕಂಪಾಸಿನ ಮುಳ್ಳು ಊರಬೇಕಾದದ್ದು ಆ ಗುರುತಿನ ಮೇಲೆಯೇ. ಕೈ ಹೋಗಲಿಲ್ಲ. ಮುದ್ರೆಯ ಅಗಲ ಎರಡೂವರೆ ಇಂಚು. ಆಗ ಹೊಳೆಯಿತು, ನನ್ನ ಬಳೆಯ ಅಳತೆ ಎರಡು-ಎಂಟು, ಎರಡಿಂಚಿನ ಮೇಲೆ ಹದಿನಾರರಲ್ಲಿ ಎಂಟು ಪಾಲು, ಅಂದರೆ ಸರಿಯಾಗಿ ಎರಡೂವರೆ ಇಂಚು. ಅಟ್ಟ ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿ ಒಂದು ಬಳೆ ತೆಗೆದೆ. ರೆಕ್ಕೆಯ ಮೇಲಿಟ್ಟು ಒಳಗಿನಿಂದ ಪೆನ್ಸಿಲ್ ಆಡಿಸಿದೆ. ಬೆರಳು ನಡುವೆ ಕ್ಷೇಮವಾಗಿತ್ತು.

ಬಳೆಯ ಸದ್ದಿಗೆ ಮರಿಯಮ್ ಬೀ ಅಡುಗೆಮನೆಯಿಂದ ಓಡಿ ಬಂದರು. ನನ್ನ ಕೈಯಲ್ಲಿ ಬಳೆ, ಬೆರಳಲ್ಲಿ ಕೇಸರಿ. ಅವರು ಏನು ತಿಳಿದುಕೊಂಡರೋ ಹೇಳಬೇಕಾಗಿಲ್ಲ.

"ಹಾಕ್ಕೋ! ಇನ್ನೂ ಯಾಕೆ ಕಾಯ್ತೀಯಾ, ಹಾಕ್ಕೋ! ಸತ್ತೋನು ನನ್ನ ಮಗ ತಾನೆ, ನಿಂಗೇನಾಗ್ಬೇಕು?" ಬಳೆ ಕಿತ್ತುಕೊಳ್ಳಲು ಬಂದವರ ಕೈ ನನ್ನ ಕೆನ್ನೆಗೆ ತಗುಲಿತು. ಬೇಕಂತ ಹೊಡೆದದ್ದಲ್ಲ, ಆದರೂ ಬಿತ್ತು. ನೋವೂ ಆಗಲಿಲ್ಲ. ನಾನು ವಿಮಾನ ಎತ್ತಿ ಅವರ ಕಣ್ಣ ಮುಂದೆ ಹಿಡಿದೆ.

"ನೋಡಿ ಅಮ್ಮೀ."

ಅವರು ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಆ ಅಡ್ಡಗೆರೆಯ ಹತ್ತಿರ ತಮ್ಮ ಬೆರಳು ತಂದು, ಮುಟ್ಟದೆ ನಿಲ್ಲಿಸಿದರು.

"ನನ್ನ ಅಡಕತ್ರೀಲಿ ಕೊಯ್ಕೊಂಡಿದ್ದು" ಅಂದರು. "ಆರು ವರ್ಸ ಆಗ. ಅಡಿಕೆ ನಾನೇ ಕತ್ರಿಸ್ತೀನಿ ಅಂತ ಹಟ ಮಾಡ್ಬುಟ್ಟ." ಬಳೆಯನ್ನು ನನ್ನ ಕೈಗೇ ಕೊಟ್ಟು ಒಳಗೆ ಹೋದರು. ಆ ಸಂಜೆ ಸೀಮೆಎಣ್ಣೆಯ ಬಟ್ಟೆ ಬರಲಿಲ್ಲ.

ಕೇಸರಿ ತುಂಬಿದೆ, ಬಿಳಿ ತುಂಬಿದೆ. ನಡುವೆ ಎಂಟಾಣೆ ಬಿಲ್ಲೆಯಷ್ಟು ಹಳದಿ, ಅದರಲ್ಲಿ ಬೆರಳು. ಶನಿವಾರವೂ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಕೊಂಡೊಯ್ಯಲು ನೇತ್ರಾವತಿ ಬರುವವಳಿದ್ದಳು. ಕೊಡದೆ ಇಟ್ಟುಕೊಂಡರೆ ಜಬ್ಬಾರ್ ಹಿಡಿದ ಕೆಲಸ ಅರ್ಧಕ್ಕೆ ನಿಂತಿತು. ಮುಗಿಸಿ ಕೊಟ್ಟರೆ ಅವರ ಮೈಯ ಗುರುತು ಅಂತ ಈ ಮನೆಯಲ್ಲಿ ಇರುವ ಒಂದೇ ಒಂದನ್ನು ನಾನೇ ಅಳಿಸಿದ ಹಾಗೆ. ಹಸಿರು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

ಭಾನುವಾರ ಬೆಳಗಿನ ನಮಾಜು ಮುಗಿಸಿ ಮರಿಯಮ್ ಬೀ ಬಂದು ನನ್ನ ಎದುರು ಚಾಪೆಯ ಮೇಲೆ ಕೂತರು. ಹೀಗೆ ಬಂದು ಕೂತವರೇ ಅಲ್ಲ.

"ಇದ್ರ ನಡುವೆ ಏನು ಬರ್ಬೇಕು?"

"ಹಸಿರು."

"ಬರೀ ಹಸಿರಾ?"

"ಹ್ಞೂಂ ಅಮ್ಮೀ. ಮೂರ್ನಾಲ್ಕು ಸಲ ಬ್ರಷ್ ಇಟ್ಟರೆ ಮುಗೀತು. ಆಮೇಲೆ ಕಾಣಲ್ಲ."

ಅವರು ರೆಕ್ಕೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಸಿಟ್ಟಿರಲಿಲ್ಲ, ಆದರೂ ಕನ್ನಡದಲ್ಲೇ ಹೇಳಿದರು.

"ಊರ ಗಂಡಸ್ರೆಲ್ಲ ಹೋಗಿ ನನ್ನ ಮಗನಿಗೆ ಮಣ್ಣು ಹಾಕ್ಬುಟ್ಟು ಬಂದ್ರು. ಗುರ್ತಿಲ್ದೋರೂ ಹಾಕಿದ್ರು, ಗ್ಯಾರೇಜಿನ ಎದ್ರು ಟೀ ಕುಡೀತಿದ್ದೋರೂ ಹಾಕಿದ್ರು. ಹೆತ್ತೋಳು ನಾನು ಹಾಕ್ಲಿಲ್ಲ. ನೀನೂ ಹಾಕ್ಲಿಲ್ಲ. ಅದ್ಕೇ ನಮ್ಗೆ ಅವನು ಇನ್ನೂ ಹೋಗೇ ಇಲ್ಲ ಕಣೇ." ಕೈ ಚಾಚಿದರು. "ತಾ ಬ್ರಷ್ಷು."

ನಾನು ಅವರ ಕೈಗೆ ಅಳಿಲು ಕೂದಲಿನ ಸಣ್ಣ ಬ್ರಷ್ ಕೊಟ್ಟೆ. ಜೀವಮಾನದಲ್ಲಿ ಬ್ರಷ್ ಹಿಡಿಯದ ಕೈ ಅದು, ಮಣಿಕಟ್ಟು ಹಿಡಿದುಕೊಂಡೆ. ಬಿಸ್ಮಿಲ್ಲಾ ಅಂದು ಒಂದು ಸಲ ಇಟ್ಟರು. ಅಡ್ಡಗೆರೆ ಮುಚ್ಚಿತು. ಇನ್ನೊಂದು ಸಲ, ಮತ್ತೊಂದು ಸಲ. ಬ್ರಷ್ ನನ್ನ ಕೈಗೆ ಬಂತು. ನಾನೂ ಮೂರು ಸಲ ಇಟ್ಟೆ. ಸುಳಿಗಳು ಒಂದೊಂದಾಗಿ ತುಂಬಿದವು. ಹಸಿರು ಬೊಟ್ಟು ಬಲ ರೆಕ್ಕೆಯದರ ಹಾಗೇ ದುಂಡಗೆ, ನುಣ್ಣಗೆ ನಿಂತಿತು. ನಾನು ಗೆಲುವಾಗಲಿಲ್ಲ, ಕುಸಿಯಲೂ ಇಲ್ಲ. ಬ್ರಷ್ ತೊಳೆದಿಟ್ಟೆ. ಮರಿಯಮ್ ಬೀ ಹಸಿರಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು.

ಹೊತ್ತೇರುವ ಮೊದಲೇ ನೇತ್ರಾವತಿ ಬಂದಳು. ಹಳೇ ಕಂಬಳಿ ಹಾಸಿದ ದೊಡ್ಡ ರಟ್ಟಿನ ಪೆಟ್ಟಿಗೆ ತಂದಿದ್ದಳು. ವಿಮಾನ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಶಾಹೀನಕ್ಕ, ಎಷ್ಟು ಚೆನ್ನಾಗೈತೆ! ಮಾವ ಕುಣ್ದಾಡ್ತಾರೆ. ಪೂರ್ತಿ ಒಣಗೈತಾ? ಈಗ್ಲೇ ಎತ್ತಿಟ್ಕೋಬೋದಾ?"

ಒಣಗಿದೆಯಾ ಅಂತ ನೋಡುವುದು ನನ್ನ ಕೆಲಸವಾಗಿರಲಿಲ್ಲ. ಹದಿನಾರು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ. ನಾನು ಬಣ್ಣ ತುಂಬಿ ಸರಿಯುತ್ತಿದ್ದೆ, ಅವರು ಬಂದು ಬೆರಳೊತ್ತಿ "ಆಯ್ತು" ಅನ್ನುತ್ತಿದ್ದರು. ಕೈ ರೆಕ್ಕೆಯ ಅಡಿಗೆ ಹೋಯಿತು. ಅಲ್ಲೇ ನಿಂತಿತು. "ಆಯ್ತು" ಅನ್ನುವವರು ಇಲ್ಲ ಅನ್ನುವುದು ನನಗೆ ಗೊತ್ತಾದದ್ದು ಆಗ. ಎಲ್ಲಿತ್ತೋ, ಬಾಯಿಂದ ಒಂದು ಕೂಗು ಬಂತು. ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಅತ್ತುಬಿಟ್ಟೆ.

ನೇತ್ರಾವತಿ ಗಾಬರಿಯಾಗಿ ಪೆಟ್ಟಿಗೆ ಕೆಳಗಿಟ್ಟಳು. ಮರಿಯಮ್ ಬೀ ಬಂದು ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು.

"ಇನ್ನೂ ಒಣಗಿಲ್ಲ ಮಗ" ಅಂದರು ಅವಳಿಗೆ. "ಟೀ ಐತೆ, ಕುಡ್ಕೊಂಡು ಒಂದ್ಗಳಿಗೆ ಕುಂತಿರು."

ನೇತ್ರಾವತಿ ಚಾಪೆಯ ಮೇಲೆ ಕೂತಳು.