ಮೂರನೆಯ ಸಲದ ಅಳು

ನಗುವುದು ಊಟಕ್ಕೆ ಮೊದಲು, ಅಳುವುದು ಊಟವಾದ ಮೇಲೆ ಎಂದು ನಿರ್ದೇಶಕ ಮೈಕಿನಲ್ಲಿ ಹೇಳಿದಾಗ ಮೂರನೆಯ ಸಾಲಿನಲ್ಲಿ ಕೂತಿದ್ದ ಅನಸವ್ವನಿಗೆ ಅದು ತಮಾಷೆಯ ಮಾತೆಂದೇ ಅನಿಸಿತು. ಪಕ್ಕದಲ್ಲಿದ್ದ ಯಲ್ಲವ್ವನೂ ಹಾಗೇ ತಿಳಿದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗುವನ್ನು ಹಾಗೇ ಇಟ್ಟುಕೊಳ್ಳಿ, ಕ್ಯಾಮೆರಾ ಇನ್ನೂ ಆನ್ ಆಗಿಲ್ಲ ಎಂದು ಅವನು ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಜಮಖಂಡಿಯ ಆ ಸಭಾಭವನದಲ್ಲಿ ಬನಹಟ್ಟಿಯ ಹೆಂಗಸರು ಅರವತ್ತು ಮಂದಿ ಇದ್ದರು. ಹಳೆಯ ಕಂಪನಿ ನಾಟಕವೊಂದನ್ನು ರಂಗದ ಮೇಲೆ ಆಡಿಸಿ, ಚಿತ್ರೀಕರಿಸಿ, ಮನೆಮನೆಯ ಟೀವಿಗೆ ಮೊಬೈಲಿಗೆ ಮುಟ್ಟಿಸಲು ಬೆಂಗಳೂರಿನಿಂದ ಒಂದು ತಂಡ ಬಂದಿತ್ತು. ನಮ್ಮ ಕಡೆಯ ನಾಟಕಗಳ ಹಾಗೆ ಅದಕ್ಕೂ ಎರಡು ಹೆಸರು, ನಡುವೆ ಒಂದು ಅರ್ಥಾತ್. ಪ್ರೇಕ್ಷಕರನ್ನು ಹೊಂದಿಸಿಕೊಡುವ ಕೆಲಸ ರಾಜಕುಮಾರನದು. ಅವನು ಅನಸವ್ವನ ಓಣಿಯವನೇ, ಮದುವೆ ಕುಬುಸಗಳ ವಿಡಿಯೋ ಮಾಡುವವನು, ಅವಳನ್ನು ಕಾಕು ಎಂದು ಕರೆಯುವವನು. ರಿಪೇರಿಗೆಂದು ಇಡೀ ದಿನ ಊರಿನ ಕರೆಂಟು ತೆಗೆಯುವ ಮಂಗಳವಾರವನ್ನೇ ನೋಡಿ ದಿನ ಗೊತ್ತುಮಾಡಿದ್ದ. ಮಗ್ಗ ನಿಂತರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವ ಹೆಂಗಸರಿಗೂ ಕೆಲಸವಿಲ್ಲ. ಪುಕ್ಕಟೆ ನಾಟಕ, ಊಟ, ಮೇಲೊಂದು ಸೀರೆ ಎಂದು ಹೇಳಿ ಟೆಂಪೋಗಳಲ್ಲಿ ತುಂಬಿಕೊಂಡು ಬಂದಿದ್ದ.

ನಾಟಕವೇ ಇರಲಿಲ್ಲ. ಪಾತ್ರಧಾರಿಗಳು ಬರುವುದು ಮುಂದಿನ ವಾರವಂತೆ. ಅವರು ಖಾಲಿ ಕುರ್ಚಿಗಳ ಮುಂದೆ ಆಡುತ್ತಾರೆ, ಇವರು ಖಾಲಿ ರಂಗದ ಮುಂದೆ ನಗಬೇಕು, ಅಳಬೇಕು, ಚಪ್ಪಾಳೆ ತಟ್ಟಬೇಕು, ಎರಡನ್ನೂ ಆಮೇಲೆ ಜೋಡಿಸುತ್ತಾರೆ. ರಂಗದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದಕ್ಕೆ ಕೆಂಪು ಟವೆಲ್ ಹೊದಿಸಿದ್ದರು. ಎಲ್ಲರ ಕಣ್ಣೂ ಅದರ ಮೇಲಿರಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಅರವತ್ತು ಹೆಂಗಸರು ಒಂದು ಟವೆಲನ್ನು ನೋಡಿ ನಕ್ಕರು. ಮೊದಲು ಸಣ್ಣ ನಗು, ಆಮೇಲೆ ಹೊಟ್ಟೆ ಹಿಡಿದುಕೊಂಡ ನಗು, ಆಮೇಲೆ ಪಕ್ಕದವರ ಹೆಗಲಿಗೆ ಬಡಿಯುತ್ತ ನಗು. ಮೊದಮೊದಲು ನಿಜವಾಗಿಯೂ ನಗು ಬಂತು, ಇಂಥ ನಗೆಪಾಟಲಿನ ಕೆಲಸವನ್ನು ಅವರಲ್ಲಿ ಯಾರೂ ಮಾಡಿರಲಿಲ್ಲ. ಆಮೇಲೆ ದವಡೆ ನೋಯತೊಡಗಿತು. ಸದ್ದಾಗುತ್ತದೆಂದು ಫ್ಯಾನು ಹಾಕಿರಲಿಲ್ಲ. ದೀಪಗಳ ಝಳಕ್ಕೆ ಬಾಡಿದ ಮಲ್ಲಿಗೆ, ಬೆವರು, ಯಾವುದೋ ಮದುವೆಯಲ್ಲಿ ಚೆಲ್ಲಿ ಹೋದ ಸಾರಿನ ಹುಳಿ ವಾಸನೆ ಎಲ್ಲ ಸೇರಿ ಭವನದಲ್ಲಿ ಕಟ್ಟಿಕೊಂಡು ನಿಂತಿತ್ತು.

ಊಟಕ್ಕೆ ಆರಿದ ಪಲಾವು. ಸೀರೆಯನ್ನೂ ಆಗಲೇ ಹಂಚಿದರು. ತೊಟ್ಟಿಲಿನಿಂದಲೇ ಮಗ್ಗದ ಸದ್ದು ಕೇಳುತ್ತ ಬೆಳೆದ ಹೆಂಗಸರಿಗೆ ಸೂರತ್ತಿನ ಪಾಲಿಸ್ಟರ್ ಸೀರೆ. ಒಬ್ಬೊಬ್ಬರೂ ಅಂಚು ತಿರುವಿ ನೋಡಿದರು, ಉಗುರಿನಿಂದ ಎಳೆ ಕೆದರಿದರು, ಚೀಲಕ್ಕೆ ತುರುಕಿದರು.

ಅಳುವ ಸರದಿ ಬಂತು. ನಾಟಕದಲ್ಲಿ ಮಗಳು ತಾಯಿಯ ತೊಡೆಯ ಮೇಲೆ ಪ್ರಾಣ ಬಿಡುವ ದೃಶ್ಯ, ಎಲ್ಲರೂ ಕಣ್ಣೀರು ಹಾಕಬೇಕು ಎಂದು ನಿರ್ದೇಶಕ ವಿವರಿಸಿದ. ಯಾರಿಗೂ ಬರಲಿಲ್ಲ. ಕೆಲವರು ಕಣ್ಣು ಉಜ್ಜಿಕೊಂಡರು, ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ನಿರ್ದೇಶಕನ ಮುಖ ಇಳಿದುಹೋಯಿತು. ಆಗ ರಾಜಕುಮಾರ ಅವನ ಕಿವಿಯಲ್ಲಿ ಏನೋ ಹೇಳಿ ಅನಸವ್ವನ ಕಡೆ ಕೈ ತೋರಿಸಿದ. ಕ್ಯಾಮೆರಾವನ್ನು ಅವಳ ಮುಂದೆ ದೂಡಿಕೊಂಡು ಬಂದರು, ಒಂದು ದೀಪವನ್ನು ಅವಳ ಮುಖಕ್ಕೆ ತಿರುಗಿಸಿದರು. ರಾಜಕುಮಾರ ಬಂದು ಅವಳ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತ.

"ಕಾಕು, ಕಾಂಚನಾನ ಒಮ್ಮಿ ನೆನಪ ಮಾಡ್ಕೋ. ಅಷ್ಟ ಮಾಡಿದ್ರ ಸಾಕು" ಅಂದ.

ಕಾಂಚನಾ ಅನಸವ್ವನ ಒಬ್ಬಳೇ ಮಗಳು. ಹೋದ ವರ್ಷ ಶ್ರಾವಣದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದಳು. ಅವಳ ಮಣ್ಣಿಗೆ ಹೆಗಲು ಕೊಟ್ಟವರಲ್ಲಿ ಇದೇ ರಾಜಕುಮಾರನೂ ಒಬ್ಬ. ಅಂಥವನು ಈ ಮಾತು ಆಡುವಾಗ ಅವನ ಮುಖದಲ್ಲಿ ಒಂದಿಷ್ಟು ನಾಚಿಕೆಯಾದರೂ ಇರಬೇಕಿತ್ತು. ಇರಲಿಲ್ಲ. ಮದುಮಗಳಿಗೆ ತುಸು ತಲೆ ಎತ್ತು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ. ಅನಸವ್ವ ಅವನ ಕಪಾಳಕ್ಕೆ ಬಾರಿಸಬೇಕಿತ್ತು. ಆದರೆ ಹೆಸರು ಕಿವಿಗೆ ಬಿದ್ದ ಮೇಲೆ ನೆನೆಯದೆ ಇರುವುದು ಹೇಗೆ? ಎದೆಯೊಳಗಿಂದ ಅಳು ನುಗ್ಗಿ ಬಂತು. ನಮ್ಮ ಕಡೆಯ ಹೆಂಗಸರು ಸತ್ತವರನ್ನು ಹಾಡಿ ಅಳುತ್ತಾರೆ. ಎಲ್ಲಿ ಹುಡುಕಲೇ ನನ್ನ ಕೂಸೇ, ಯಾವ ಓಣ್ಯಾಗ ನಿಂತು ಕರೀಲೇ ಎಂದು ಅವಳು ದನಿ ತೆಗೆದಳು. ಯಲ್ಲವ್ವ ಅವಳನ್ನು ತಬ್ಬಿಕೊಂಡಳು. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದಿದ್ದ ಹುಡುಗಿಯರೂ ಅತ್ತರು.

ನಿರ್ದೇಶಕ ಕಟ್ ಎಂದ. ಹತ್ತಿರ ಬಂದು, ಮೊಣಕಾಲೂರಿ, ಬಹಳ ಮೆತ್ತಗೆ ಮಾತಾಡಿದ.

"ಅಮ್ಮಾ, ತುಂಬಾ ಚೆನ್ನಾಗಿತ್ತು. ಆದ್ರೆ ಸೌಂಡ್ ಬೇಡ. ಅಲ್ಲಿ ನಮ್ಮ ನಟಿಯ ಡೈಲಾಗ್ ಬರುತ್ತೆ. ಬರೀ ಕಣ್ಣೀರು ಸಾಕು."

ಅವನು ಕೆಟ್ಟವನಲ್ಲ. ಅವಳಿಗೆ ಕುಡಿಯಲು ನೀರು ತರಿಸಿದ, ದೀಪದ ಬಿಸಿಗೆ ತೊಂದರೆಯಾಗುತ್ತಿದೆಯೇ ಎಂದು ಕೇಳಿದ. ಕೆಟ್ಟವನಾಗಿದ್ದರೆ ಅನಸವ್ವ ಎದ್ದು ಹೋಗುತ್ತಿದ್ದಳೇನೋ. ಈ ಒಳ್ಳೆಯತನವೇ ಅವಳನ್ನು ಕುರ್ಚಿಗೆ ಕಟ್ಟಿ ಕೂರಿಸಿತು.

ಎರಡನೆಯ ಸಲ ಅವಳು ಯಾರಿಗೂ ಹೇಳದ ಒಂದು ಸಂಗತಿಯನ್ನು ಹೊರಗೆ ತೆಗೆದಳು. ಜ್ವರದ ಮೂರನೆಯ ದಿನ ಸಂಜೆ ಕಾಂಚನಾ ಎದ್ದು ಕೂತು, ತಲೆ ಸಿಕ್ಕಾಗಿದೆ, ಜಡೆ ಹಾಕು ಎಂದು ಕೇಳಿದ್ದಳು. ಅನಸವ್ವನಿಗೆ ಕಂಡಿಕೆ ಸುತ್ತಿ ಮುಗಿಸುವ ಅವಸರ. ನಾಳೆ ಹಾಕ್ತೀನಿ ಎಂದಿದ್ದಳು. ಗಂಡ ನಿಂಗಣ್ಣನಿಗೂ ಇದನ್ನು ಹೇಳಿರಲಿಲ್ಲ. ಆ ನೆನಪು ತಾನಾಗಿ ಬಂದಾಗ ಮಾತ್ರ ಅದನ್ನು ಬರಗೊಡುತ್ತಿದ್ದಳು. ಇವತ್ತು ಕೈಯಾರೆ ಎಳೆದು ತಂದು ದೀಪದ ಕೆಳಗಿಟ್ಟಳು. ತುಟಿ ಕಚ್ಚಿ ಸದ್ದನ್ನು ನುಂಗಿದಳು, ಮೈಯೆಲ್ಲ ಗಡಗಡ ನಡುಗಿತು. ಮೈ ಅಲುಗಿದರೆ ಮುಖ ಸರಿಯಾಗಿ ಬರುವುದಿಲ್ಲ, ಇನ್ನೊಂದೇ ಸಲ ಎಂದು ನಿರ್ದೇಶಕ ಕೈ ಮುಗಿದ.

ಮೂರನೆಯ ಸಲ ಮತ್ತೆ ಅದೇ ಜಡೆಯ ಹತ್ತಿರ ಹೋದಳು. ಅಲ್ಲಿ ಏನೂ ಇರಲಿಲ್ಲ. ಬಾಚಣಿಗೆ, ಎಣ್ಣೆ, ಹುಡುಗಿಯ ಬೆನ್ನು ಎಲ್ಲ ಕಂಡವು, ಆದರೆ ಬೇರೆ ಯಾರದೋ ಮನೆಯವು ಎಂಬಂತೆ ಕಂಡವು. ತೊಡೆಗೆ ಕುರ್ಚಿಯ ರೆಕ್ಸಿನ್ ಅಂಟಿದ್ದು ತಿಳಿಯುತ್ತಿತ್ತು. ಟೆಂಪೋ ಎಷ್ಟೊತ್ತಿಗೆ ಬಿಡುತ್ತದೋ ಎಂದು ಯೋಚಿಸಿದಳು. ನಿರ್ದೇಶಕ ಒಂದು, ಎರಡು, ಮೂರು ಎಂದು ಎಣಿಸಿದ. ಮೂರಕ್ಕೆ ಸರಿಯಾಗಿ ಎರಡೂ ಕಣ್ಣುಗಳಿಂದ ನೀರು ಇಳಿಯಿತು. ಸದ್ದಿಲ್ಲ, ನಡುಕವಿಲ್ಲ. ಒಂದು ಹನಿ ಕೆನ್ನೆಯ ನಡುವೆ ಬಂದು ಹಾಗೇ ನಿಂತಿತು. ಇದೇ ನನಗೆ ಬೇಕಾಗಿದ್ದುದು ಎಂದು ಅವನು ಎದ್ದು ನಿಂತ. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಅನಸವ್ವನಿಗೆ ಆ ಗಳಿಗೆಯಲ್ಲಿ ಹೆಮ್ಮೆಯಾಯಿತು. ಅದನ್ನು ಮುಚ್ಚಿಟ್ಟು ಫಲವಿಲ್ಲ. ಶಾಲೆಯಲ್ಲಿ ಎಲ್ಲರೆದುರು ಶಭಾಶ್ ಅನ್ನಿಸಿಕೊಂಡಾಗ ಆದಂಥದ್ದೇ ಹೆಮ್ಮೆ.

ಹೇಸಿಗೆ ಬಂದದ್ದು ಟೆಂಪೋದಲ್ಲಿ. ಕೆನ್ನೆಯ ಮೇಲೆ ಒಣಗಿದ ಉಪ್ಪು ಚರ್ಮವನ್ನು ಜಗ್ಗುತ್ತಿತ್ತು. ಪಕ್ಕದಲ್ಲಿ ಯಲ್ಲವ್ವ, ನೀ ಭಾಳ ಚಲೋ ಅತ್ತಿ ನೋಡವಾ ಎಂದು ಮನಸ್ಸು ತುಂಬಿ ಹೊಗಳುತ್ತಿದ್ದಳು. ಅನಸವ್ವನಿಗೆ ತನ್ನ ಕಣ್ಣುಗಳೇ ಅಸಹ್ಯವಾದವು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಮುಖ ಉರಿಯುವವರೆಗೆ ತಿಕ್ಕಿ ತೊಳೆದಳು. ಆ ರಾತ್ರಿ ಕಾಂಚನಾಳನ್ನು ನೆನೆಯಲು ಭಯವಾಗಿ ಎದ್ದು ಕೂತೇ ಇದ್ದಳು.

ಎರಡು ತಿಂಗಳಾದ ಮೇಲೆ ನಾಟಕ ಮೊಬೈಲಿಗೆ ಬಂತು. ನಾಟಕವನ್ನು ಓಣಿಯಲ್ಲಿ ಯಾರೂ ಪೂರ್ತಿ ನೋಡಲಿಲ್ಲ. ನೋಡಿದ್ದೆಲ್ಲ ರಾಜಕುಮಾರ ಅದರಿಂದ ಕತ್ತರಿಸಿ ಹಾಕಿದ ತುಣುಕನ್ನು. ಅನಸವ್ವನ ಮುಖ, ಕೆನ್ನೆಯ ಮೇಲೆ ನಿಂತ ಹನಿ, ಹಿಂದೆ ಕೊಳಲಿನ ಸದ್ದು. ಮೇಲೆ ಕೆಂಪಕ್ಷರದಲ್ಲಿ 'ಮಗಳನ್ನು ಕಳೆದುಕೊಂಡ ತಾಯಿಯ ಅಸಲಿ ಕಣ್ಣೀರು' ಎಂದು ಬರೆದಿದ್ದ. ಅದು ಮೂರನೆಯ ಸಲದ್ದು. ಮೊದಲಿನ ಎರಡು ಸಲ ಸೆರಗು ತಲೆಯ ಮೇಲಿತ್ತು, ಇದರಲ್ಲಿ ಹೆಗಲಿಗೆ ಜಾರಿತ್ತು.

ಅವಳು ಸೀದಾ ಅವನ ಸ್ಟುಡಿಯೋಗೆ ಹೋದಳು.

"ತಗದ ಹಾಕ ಅದನ್ನ" ಅಂದಳು.

"ಯಾಕ ಕಾಕು? ಮೂರ ಲಕ್ಷ ಮಂದಿ ನೋಡ್ಯಾರ. ನಮ್ಮ ಕಾಂಚನಾನ ಸಲವಾಗಿ ಎಲ್ಲೆಲ್ಲಿಯವರೋ ಅಳಾಕತ್ತಾರ."

"ಅದು ಖರೆ ಅಳು ಅಲ್ಲೋ. ಆ ಹೊತ್ತಿನ್ಯಾಗ ನಾ ಆಕಿನ್ನ ನೆನಸಿದ್ದಿಲ್ಲ."

ರಾಜಕುಮಾರ ಅವಳನ್ನು ಮರುಕದಿಂದ ನೋಡಿದ. "ನಾನೂ ಅಲ್ಲೇ ಇದ್ನೆಲ್ಲ ಕಾಕು. ದುಃಖದಾಗ ಹಂಗ ಅನಸ್ತೈತಿ" ಅಂದ.

ಅವಳನ್ನು ಕೂರಿಸಿ ಚಹ ತರಿಸಿದ. ಜನ ಬರೆದದ್ದನ್ನು ಒಂದೊಂದಾಗಿ ಓದಿ ಹೇಳಿದ. ಕೈಮುಗಿದ ಚಿತ್ರಗಳು, ಒಡೆದ ಹೃದಯಗಳು, ನಡುನಡುವೆ ಬೋರ್‌ವೆಲ್ ಕೊರೆಯುವವರ ಫೋನ್ ನಂಬರು. ಚಹದ ಮೇಲೆ ಕೆನೆ ಕಟ್ಟಿತು. ಅವಳು ಅದನ್ನು ಮುಟ್ಟದೆ ಎದ್ದು ಬಂದಳು.

ನಿಂಗಣ್ಣನದು ಇನ್ನೊಂದು ಕಷ್ಟ. ಮಗಳು ಸತ್ತ ದಿನ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಐದನೆಯ ದಿನಕ್ಕೆ ಮಗ್ಗದ ಮುಂದೆ ಹೋಗಿ ನಿಂತಿದ್ದ. ಈಗ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಆ ತುಣುಕನ್ನು ಹಚ್ಚಿಕೊಂಡು ಅಳುತ್ತಿದ್ದ. ಮುಗಿದರೆ ಮತ್ತೆ ಮೊದಲಿನಿಂದ.

"ನೀ ಅತ್ತದ್ದು ನೋಡಿದ ಮ್ಯಾಲ ನನಗೂ ಅಳು ಬಂತ ನೋಡ" ಎಂದು ಒಂದು ದಿನ ಅವಳಿಗೆ ಹೇಳಿದ. "ಎದಿ ಹಗರ ಆತು."

ರಾಜಕುಮಾರನಿಗೆ ಹೇಳಿದ್ದನ್ನು ಇವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಅವನ ಅಳುವನ್ನೂ ಕಿತ್ತುಕೊಂಡಂತಾಗುತ್ತಿತ್ತು. ಹೇಳದೆ ದಿನಾ ಅದನ್ನು ನೋಡುವುದೆಂದರೆ ಉಗುಳಿದ್ದನ್ನು ಎದುರಿಗಿಟ್ಟುಕೊಂಡು ಕೂತ ಹಾಗಿತ್ತು. ಕೊಳಲಿನ ಸದ್ದು ಶುರುವಾದ ಕೂಡಲೇ ಅವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಒಳಗೆ ಕೂತರೂ ಅಳು ಬರುತ್ತಿರಲಿಲ್ಲ. ಬಂದೀತು ಎಂಬ ಸೂಚನೆ ಸಿಕ್ಕರೆ ಕಂಡಿಕೆಯ ರಾಟಿಯನ್ನು ಜೋರಾಗಿ ತಿರುಗಿಸುತ್ತಿದ್ದಳು. ಬಂದದ್ದು ಮಗಳಿಗಾಗಿ ಬಂದದ್ದೋ, ಮೂರರ ಎಣಿಕೆಗೆ ಬಂದಂಥದ್ದೋ ಎಂದು ಗುರುತು ಹಿಡಿಯುವ ಬಗೆ ಅವಳಿಗೆ ತಿಳಿದಿರಲಿಲ್ಲ. ಮಗಳಿಗೆ ಕೊಡಲು ಉಳಿದಿದ್ದುದು ಅದೊಂದೇ, ಅದೂ ಕೆಟ್ಟುಹೋಗಿತ್ತು.

ಕಾರ್ತಿಕದಲ್ಲಿ ಹುನ್ನೂರಿನಿಂದ ತಾಯವ್ವ ಬಂದಳು. ನಿಂಗಣ್ಣನ ಅಕ್ಕ, ಕಾಂಚನಾಗೆ ಸೋದರತ್ತೆ. ಹುಡುಗಿ ಸತ್ತಾಗ ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಈಗ ಕೋಲು ಹಿಡಿದು ನಡೆಯುವಷ್ಟಾದ ಕೂಡಲೇ ಅಳಲು ಬಂದಿದ್ದಳು. ಸಾವಿನ ನಂತರ ಮೊದಲ ಸಲ ಮುಖ ನೋಡುವವರು ಬಾಗಿಲಲ್ಲೇ ಕೊರಳು ತಬ್ಬಿ ಕೂಡಿ ಅಳುವುದು ರೂಢಿ. ಎಷ್ಟು ವರ್ಷವಾಗಿದ್ದರೂ ಸರಿ, ಆ ಅಳು ಸಲ್ಲಲೇಬೇಕು. ಆಟೋ ನಿಂತದ್ದನ್ನು ನೋಡಿ ಓಣಿಯ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ಬಂದರು. ಎದುರು ಮನೆಯ ಮಾಳಿಗೆಯ ಮೇಲಿಂದ ಯಾರೋ ಮೊಬೈಲು ಹಿಡಿದರು.

ತಾಯವ್ವ ಕೋಲು ಬಿಟ್ಟು ಎರಡೂ ತೋಳು ಚಾಚಿದಳು. ಅಷ್ಟಕ್ಕೇ ಅನಸವ್ವನ ಕಣ್ಣಿನಲ್ಲಿ ನೀರು ತಯಾರಾಗಿ ನಿಂತಿತು. ಎಣಿಸುವುದೊಂದೇ ಬಾಕಿ ಎಂಬಂತೆ ನಿಂತಿತು. ಅವಳು ಅಂಗೈಯ ಬುಡದಿಂದ ಎರಡೂ ಕಣ್ಣುಗಳನ್ನು ಒರಟಾಗಿ ಒರೆಸಿಕೊಂಡು, ಮುದುಕಿ ಬೀಳದಂತೆ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ತಾನು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ.

ತಾಯವ್ವ ಒಬ್ಬಳೇ ಹಾಡಿ ಅತ್ತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಫೋನಿನ್ಯಾಗ ಅಳಾಕ ಬರತೈತಿ ಇಕಿಗಿ" ಎಂದು ಹಿಂದಿನಿಂದ ಯಾರೋ ಅಂದರು.

ಅನಸವ್ವನಿಗೆ ಅದು ಕೇಳಿಸಿತು. ತಿರುಗಿ ನೋಡಲಿಲ್ಲ. ನಿಂಗಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತು ಹೆಂಡತಿಯ ಒಣ ಮುಖವನ್ನು ಗುರುತು ಸಿಗದವನ ಹಾಗೆ ನೋಡುತ್ತಿದ್ದ. ತಾಯವ್ವ ಎದೆ ಬಡಿದುಕೊಂಡು, ಇಪ್ಪತ್ತ ವರ್ಷದ ಮಗಳನ್ನ ಮಣ್ಣಿಗೆ ಕೊಟ್ಟೆಲ್ಲೋ ನನ್ನ ತಮ್ಮಾ ಎಂದು ದನಿ ಏರಿಸಿದಳು.

"ಹತ್ತೊಂಬತ್ತ, ಅಕ್ಕಾರ" ಅಂದಳು ಅನಸವ್ವ. "ಇಪ್ಪತ್ತಕ್ಕ ಇನ್ನೂ ಹನ್ನೊಂದ ದಿನಾ ಕಡಿಮಿ ಇದ್ದೂ."

ತಾಯವ್ವನ ಹಾಡು ನಿಂತಿತು. ಅನಸವ್ವ ಮುದುಕಿಯ ನೋಯುವ ಕಾಲನ್ನು ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಊದಿದ ಪಾದಕ್ಕೆ ಕಚ್ಚಿ ಕೂತಿದ್ದ ಚಪ್ಪಲಿಯ ಪಟ್ಟಿಯನ್ನು ಬಿಚ್ಚತೊಡಗಿದಳು.